ಅಮ್ಮನ ಸರ್ಟಿಫಿಕೇಟಿನ ಮೂಲೆಯಲ್ಲಿದ್ದ ವಾದ್ಯ

ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ ಅಮ್ಮನ ಒಂದು ಸರ್ಟಿಫಿಕೇಟು ಕಟ್ಟು ಹಾಕಿಸಿ ನೇತುಹಾಕಿದೆ. 1974ರದು. ವೀಣೆ ಸ್ಪರ್ಧೆ, ಎರಡನೇ ಬಹುಮಾನ. ಅದರ ನಾಲ್ಕೂ ಮೂಲೆಯಲ್ಲಿ ಒಂದೊಂದು ಪುಟ್ಟ ಚಿತ್ರವಿದೆ. ವೀಣೆಯದಲ್ಲ. ಎರಡು ಬಾಗಿದ ಕೊಂಬು, ಮೇಲೊಂದು ಅಡ್ಡಪಟ್ಟಿ, ನಡುವೆ ನಾಲ್ಕೈದು ಗೆರೆ. ಚಿಕ್ಕವಳಿದ್ದಾಗ ನಾನು ಅದನ್ನು ಹಸುವಿನ ಮುಖ ಅಂದುಕೊಂಡಿದ್ದೆ. ಒಂದು ದಿನ ಕೇಳಿದ್ದಕ್ಕೆ ಅಮ್ಮ, "ಪ್ರೆಸ್ಸಿನವನ ಹತ್ರ ಸಂಗೀತಕ್ಕೆ ಅಂತ ಇದ್ದಿದ್ದು ಅದೊಂದೇ ಬ್ಲಾಕು ಕಣೇ" ಅಂದಳು.

ಅದರ ಹೆಸರು ಲೈರ್ ಅಂತ ಗೊತ್ತಾಗಿದ್ದು ಕಾಲೇಜಿನಲ್ಲಿ. ಹೆಸರು ಗೊತ್ತಾದ ಮೇಲೆ ಎಲ್ಲೆಲ್ಲೂ ಅದೇ ಕಾಣತೊಡಗಿತು. ಮದುವೆ ಬ್ಯಾಂಡ್‌ಸೆಟ್‌ನವರ ಡ್ರಮ್ಮಿನ ಮೇಲೆ. ಕೀಬೋರ್ಡ್ ಕ್ಲಾಸಿನ ಬೋರ್ಡಿನ ಮೇಲೆ. ದೊಡ್ಡ ಹೋಟೆಲಿನ ಲಾಬಿಯಲ್ಲಿರುವ ಪಿಯಾನೋದ ಪೆಡಲ್‌ಗಳನ್ನು ಹಿಡಿದಿರುವ ಕಂಬವೂ ಅದೇ ಆಕಾರ. ಸಂಗೀತ ಅಂದರೆ ಈ ಗುರುತು. ಸರಿ, ಅದರ ದನಿ ಹೇಗಿರುತ್ತದೆ? ನನಗೆ ಗೊತ್ತಿರುವ ಯಾರೂ ಕೇಳಿಲ್ಲ. ಕೋಗಿಲೆಯ ಚಿತ್ರ ಎಲ್ಲ ಕಡೆ ಇದ್ದು, ಕೂಗು ಮಾತ್ರ ಯಾರೂ ಕೇಳಿಲ್ಲ ಅಂದ ಹಾಗಾಯಿತು.

ಈ ಮೇ ತಿಂಗಳಲ್ಲಿ ನನಗೆ ರಜೆ ಉಳಿದಿತ್ತು. ಜರ್ಮನಿಯಲ್ಲಿರುವ ತಮ್ಮನಿಗೂ ಉಳಿದಿತ್ತು. "ಗ್ರೀಸ್‌ಗೆ ಹೋಗೋಣ ಕಣೋ. ಒಂದೇ ಒಂದು ಸಲ ಲೈರ್ ಕೇಳಬೇಕು" ಅಂದೆ. ಅವನು ಎರಡು ನಿಮಿಷ ಫೋನ್ ನೋಡಿ, "ಅಕ್ಕ, ಇಥಿಯೋಪಿಯಾದಲ್ಲಿ ಇವತ್ತಿಗೂ ಇದರದೇ ಜಾತಿಯ ಕ್ರಾರ್ ಅನ್ನೋದನ್ನ ನುಡಿಸ್ತಾರಂತೆ. ಅಲ್ಲಿಗೆ ಹೋಗೋದು ಬಿಟ್ಟು..." ಅಂದ. ಅವನ ಮಾತೇನೂ ತಪ್ಪಲ್ಲ. ಆದರೆ ಸರ್ಟಿಫಿಕೇಟಿನ ಮೇಲಿದ್ದದ್ದು ಗ್ರೀಕರ ಲೈರ್.

ಮೊದಲ ದಿನ: ಅಥೆನ್ಸ್

ದೋಹಾದಲ್ಲಿ ವಿಮಾನ ಬದಲಿಸಿ ಅಥೆನ್ಸ್ ತಲುಪಿದಾಗ ಮಧ್ಯಾಹ್ನ. ಏರ್‌ಪೋರ್ಟಿನಿಂದ ಮೆಟ್ರೋ ಹಿಡಿದು ಸಿಂತಾಗ್ಮಾದಲ್ಲಿ ಇಳಿದೆವು. ರೂಮಿನಲ್ಲಿ ಬ್ಯಾಗು ಎಸೆದು ಸುಮ್ನೆ ಒಂದು ಸುತ್ತು ಅಂತ ಹೊರಟರೆ, ಪಾನೆಪಿಸ್ತಿಮಿಯು ರಸ್ತೆಯಲ್ಲಿ ಹತ್ತು ನಿಮಿಷ ನಡೆಯುವಷ್ಟರಲ್ಲಿ ಲೈರ್ ಸಿಕ್ಕೇಬಿಟ್ಟಿತು. ಅಥೆನ್ಸ್ ಅಕಾಡೆಮಿಯ ಕಟ್ಟಡದ ಮುಂದೆ ಎರಡು ಎತ್ತರದ ಕಂಬಗಳಿವೆ. ಒಂದರ ಮೇಲೆ ಈಟಿ ಗುರಾಣಿ ಹಿಡಿದ ಅಥೀನಾ. ಇನ್ನೊಂದರ ಮೇಲೆ ಲೈರ್ ಹಿಡಿದ ಅಪೋಲೋ, ಗ್ರೀಕರ ಸಂಗೀತದ ದೇವರು. ಕೆಳಗೆ ಪ್ಲೇಟೋ, ಸಾಕ್ರಟೀಸ್ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

"ನೋಡಿದ್ದಾಯ್ತಲ್ಲ, ನಡಿ ವಾಪಸ್ ಹೋಗೋಣ" ಅಂದ ತಮ್ಮ.

ಈ ಅಪೋಲೋನಿಗೆ ದೊಡ್ಡ ವಯಸ್ಸೇನೂ ಇಲ್ಲ. ಕಟ್ಟಡ ಮುಗಿದದ್ದು 1885ರಲ್ಲಿ. ನಮ್ಮ ಅಂಬಾವಿಲಾಸ ಅರಮನೆಗಿಂತ ಇಪ್ಪತ್ತೇಳು ವರ್ಷ ಹಿರಿಯದು, ಅಷ್ಟೇ. ಅಂದರೆ ಇದೂ ಒಂದು ಥರ ಪ್ರೆಸ್ಸಿನವನ ಬ್ಲಾಕೇ.

ಅಲ್ಲಿಂದ ಸ್ವಲ್ಪ ದೂರದ ಗಲ್ಲಿಯೊಂದರಲ್ಲಿ ವಾದ್ಯದ ಅಂಗಡಿ ಕಂಡಿತು. ಒಳಗೆ ಹೋಗಿ ದೊಡ್ಡ ಧೈರ್ಯದಿಂದ "ಲೀರಾ ಇದೆಯಾ?" ಅಂತ ಕೇಳಿದೆ. ಗ್ರೀಕರು ಲೈರನ್ನು ಕರೆಯುವುದು ಹಾಗೇ. ಅಂಗಡಿಯ ಹುಡುಗಿ ಖುಷಿಯಿಂದ ಒಳಗೆ ಹೋಗಿ ಒಂದು ಪುಟಾಣಿ ಪಿಟೀಲು ತಂದಳು. ಸೋರೆಕಾಯಿ ಸೀಳಿದ ಹಾಗಿತ್ತು, ಮೂರು ತಂತಿ, ಜೊತೆಗೊಂದು ಕಮಾನು. ಇದಲ್ಲ ಅಂತ ತಲೆಯಾಡಿಸಿದೆ. ಲೈರಿನ ದೊಡ್ಡಣ್ಣ ಒಂದಿದೆ, ಕಿಥಾರಾ ಅಂತ. ಮರದ್ದು, ಭಾರವಾದದ್ದು, ವೃತ್ತಿಯ ಸಂಗೀತಗಾರರು ಸಭೆಯಲ್ಲಿ ನುಡಿಸುತ್ತಿದ್ದದ್ದು. ಅದನ್ನಾದರೂ ತೋರಿಸಲಿ ಅಂತ "ಕಿಥಾರಾ?" ಅಂದೆ. ಅವಳು ಗೋಡೆಯ ಕಡೆ ಕೈ ತೋರಿಸಿದಳು. ಸಾಲಾಗಿ ಗಿಟಾರುಗಳು.

ಗಿಟಾರ್ ಅನ್ನೋ ಹೆಸರು ಹುಟ್ಟಿದ್ದೇ ಕಿಥಾರಾದಿಂದ. ಅದು ಓದಿ ಗೊತ್ತಿತ್ತು. ಆದರೆ ಗ್ರೀಸಿನಲ್ಲಿ ಇವತ್ತಿಗೂ ಗಿಟಾರಿಗೆ ಕಿಥಾರಾ ಅಂತಲೇ ಅನ್ನುತ್ತಾರೆ ಅಂತ ಗೊತ್ತಿರಲಿಲ್ಲ. ಲೀರಾ ಅಂದರೆ ಕಮಾನಿನ ವಾದ್ಯ, ಕಿಥಾರಾ ಅಂದರೆ ಗಿಟಾರು. ಹೆಸರು ಎರಡೂ ಉಳಿದಿವೆ, ವಾದ್ಯ ಎರಡೂ ಮನೆ ಖಾಲಿ ಮಾಡಿಕೊಂಡು ಹೋಗಿವೆ. ಮನೆಗೆ ಬೇರೆ ಬಾಡಿಗೆದಾರರು ಬಂದು ಕೂತಿದ್ದಾರೆ.

ಎರಡನೇ ದಿನ: ಮ್ಯೂಸಿಯಂ

ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿ ಇಡೀ ದಿನ ಕಳೆದೆವು. ತಮ್ಮ ಮೊದಲ ಎರಡು ಗಂಟೆ ಚೆನ್ನಾಗಿದ್ದ, ಆಮೇಲೆ ಬೆಂಚು ಹುಡುಕತೊಡಗಿದ.

ಮೊದಲು ನೋಡಿದ್ದು ಕೇರೋಸ್ ದ್ವೀಪದ ವಾದಕನನ್ನು. ಬಿಳಿ ಅಮೃತಶಿಲೆಯ ಗೊಂಬೆ, ಎತ್ತರ ಬರೀ 22.5 ಸೆಂಟಿಮೀಟರ್. ಕುರ್ಚಿಯ ಮೇಲೆ ಕೂತು ತಲೆ ಹಿಂದಕ್ಕೆ ಎತ್ತಿದ್ದಾನೆ, ತೊಡೆಯ ಮೇಲೆ ವಾದ್ಯ. ಮುಖದಲ್ಲಿ ಮೂಗೊಂದು ಬಿಟ್ಟರೆ ಏನೂ ಇಲ್ಲ. ಆದರೂ ಅವನು ಹಾಡುತ್ತಿದ್ದಾನೆ ಅಂತ ಯಾರಾದರೂ ಹೇಳಬಹುದು. ಸುಮಾರು ನಾಲ್ಕೂವರೆ ಸಾವಿರ ವರ್ಷ ಹಳೆಯವನು. ಅವನ ವಾದ್ಯಕ್ಕೆ ತಂತಿಗಳನ್ನೇ ಕೆತ್ತಿಲ್ಲ. ಬರೀ ಚೌಕಟ್ಟು. ಅಷ್ಟು ತೆಳ್ಳಗೆ ಕಲ್ಲಿನಲ್ಲಿ ಕೆತ್ತುವುದಾದರೂ ಹೇಗೆ, ಅಲ್ವಾ?

ಆದರೆ ಇದು ಲೈರ್ ಅಲ್ಲ, ಹಾರ್ಪ್. ವ್ಯತ್ಯಾಸ ಸುಲಭ. ಹಾರ್ಪಿನಲ್ಲಿ ತಂತಿಗಳು ಬುರುಡೆಯಿಂದಲೇ ಹೊರಟು ಓರೆಯಾಗಿ ಕೊಂಬಿಗೆ ಹೋಗುತ್ತವೆ. ಲೈರಿನಲ್ಲಿ ಬುರುಡೆಯಿಂದ ಎರಡು ತೋಳು ಮೇಲಕ್ಕೆ ಏಳುತ್ತವೆ. ತೋಳುಗಳ ನಡುವೆ ಒಂದು ಅಡ್ಡಕೋಲು. ತಂತಿಗಳು ಕೆಳಗಿನಿಂದ ಬಂದು, ಕುದುರೆ ಅನ್ನೋ ಪುಟ್ಟ ಆಸರೆಪಟ್ಟಿಯ ಮೇಲೆ ಹಾದು, ಆ ಕೋಲಿಗೆ ಸುತ್ತಿಕೊಳ್ಳುತ್ತವೆ. ಆ ಕೋಲಿಗೆ ಗ್ರೀಕರು ಇಟ್ಟ ಹೆಸರು ಜುಗೋನ್. ಅಂದರೆ ನೊಗ. ಎತ್ತಿನ ಹೆಗಲ ಮೇಲಿನ ನೊಗ. ಅಂದ ಮೇಲೆ ಎರಡು ಕಡೆ ಇರುವುದು ಎತ್ತುಗಳೇ ತಾನೆ? ಇರಾಕಿನ ಊರ್ ಪಟ್ಟಣದ ರಾಜಸಮಾಧಿಗಳಲ್ಲಿ ಸಿಕ್ಕ, ಗ್ರೀಕರದಕ್ಕಿಂತ ಹಳೆಯ ಲೈರ್‌ಗಳಿಗಂತೂ ಮುಂಭಾಗದಲ್ಲಿ ಹೋರಿಯ ತಲೆಯನ್ನೇ ಕೂರಿಸಿದ್ದಾರೆ, ಚಿನ್ನದ ತಗಡು ಹೊದಿಸಿ. ಚಿಕ್ಕವಳಿದ್ದಾಗ ನಾನು ಹಸುವಿನ ಮುಖ ಅಂದುಕೊಂಡದ್ದು ಪೂರ್ತಿ ದಡ್ಡತನವಲ್ಲ ಅಂತ ತಮ್ಮನಿಗೆ ಹೇಳಿದೆ. ಅವನು ಒಪ್ಪಲಿಲ್ಲ.

ಮೆನಿಡಿ ಅನ್ನೋ ಕಡೆಯ ಸಮಾಧಿಯಲ್ಲಿ ಸಿಕ್ಕ ದಂತದ ಲೈರ್ ಇಲ್ಲಿದೆ. ಚೂರು ಚೂರು ಸೇರಿಸಿ ನಿಲ್ಲಿಸಿದ್ದಾರೆ. ಸತ್ತವರ ಜೊತೆ ಹೂತಿದ್ದು. ಅದರ ಮುಂದೆ ತುಂಬ ಹೊತ್ತು ನಿಲ್ಲಲಾಗಲಿಲ್ಲ, ಶಾಲೆಯ ಮಕ್ಕಳ ದಂಡು ಬಂತು.

ನಾನು ನಿಂತುಬಿಟ್ಟದ್ದು ಮಾಂಟಿನಿಯಾದ ಕಲ್ಲಿನ ಮುಂದೆ. ಕ್ರಿ.ಪೂ. 330ರ ಆಸುಪಾಸಿನದು. ವಿಗ್ರಹಗಳ ಪೀಠಕ್ಕೆ ಹೊಂದಿಸಿದ್ದ ಕೆತ್ತನೆ. ಎಡಗಡೆ ಅಪೋಲೋ, ಕಿಥಾರಾ ತೊಡೆಯ ಮೇಲಿಟ್ಟುಕೊಂಡು ಆರಾಮಾಗಿ ಕೂತಿದ್ದಾನೆ. ಬಲಗಡೆ ಅವನಿಗೆ ಸವಾಲು ಹಾಕಿದ ಕಾಡಿನ ಜೀವಿ ಮಾರ್ಸಿಯಾಸ್, ಜೋಡಿ ಕೊಳಲು ಬಾಯಿಗಿಟ್ಟು ಮೈಯೆಲ್ಲ ಬಿಗಿಹಿಡಿದು ಊದುತ್ತಿದ್ದಾನೆ. ಸ್ಪರ್ಧೆ ನಡೆಯುತ್ತಿದೆ. ಇಬ್ಬರ ನಡುವೆ ಒಬ್ಬ ಆಳು ನಿಂತಿದ್ದಾನೆ. ಅವನ ಕೈಯಲ್ಲಿ ಚಾಕು.

ಸೋತವನ ಚರ್ಮ ಸುಲಿಯಲು. ಕತೆಯಲ್ಲಿ ಆಗುವುದೂ ಅದೇ. ಇಬ್ಬರೂ ಸಮಸಮ ಅನ್ನುವ ಹೊತ್ತಿಗೆ ಅಪೋಲೋ ತನ್ನ ವಾದ್ಯವನ್ನು ತಲೆಕೆಳಗು ಮಾಡಿ ನುಡಿಸಿ ತೋರಿಸುತ್ತಾನೆ, "ನೀನೂ ಹೀಗೆ ಮಾಡು ನೋಡೋಣ" ಅನ್ನುತ್ತಾನೆ ಅಂತ ಒಂದು ಪಾಠಾಂತರವಿದೆ. ಕೊಳಲನ್ನು ತಲೆಕೆಳಗು ಮಾಡಿ ಊದೋಕಾಗುತ್ತಾ? ಇದು ಯಾವ ಸೀಮೆಯ ನ್ಯಾಯ? ಕಲ್ಲಿನಲ್ಲಿ ಅಪೋಲೋನ ಮುಖ ನೋಡಿ. ತೀರ್ಪು ಏನು ಅಂತ ಮೊದಲೇ ಗೊತ್ತಿರುವವನ ಮುಖ. ನಮ್ಮ ಬ್ಯಾಂಡ್‌ಸೆಟ್‌ನವರ ಡ್ರಮ್ಮಿನ ಮೇಲಿನ ಗುರುತಿನ ಹಿಂದೆ ಇಂಥದ್ದೊಂದು ಚಾಕು ಇದೆ ಅಂತ ನಾನು ಎಣಿಸಿರಲಿಲ್ಲ. ತಂತಿ ಮೇಲು, ಕೊಳಲು ಕೀಳು ಅನ್ನೋ ಮಾತು ಗ್ರೀಕರಲ್ಲಿ ತುಂಬ ಇತ್ತು. ತಂತಿವಾದ್ಯ ನುಡಿಸುವವನು ಜೊತೆಗೆ ಹಾಡಬಹುದು, ಮಾತು ಇರುತ್ತದೆ. ಕೊಳಲು ಊದುವವನ ಬಾಯಿ ಕಟ್ಟಿಹೋಗಿರುತ್ತದೆ. ಲೈರ್ ಜೊತೆ ಹಾಡುವ ಪದ್ಯಕ್ಕೆ ಇಟ್ಟ ಹೆಸರೇ ಮುಂದೆ ಇಂಗ್ಲಿಷಿನಲ್ಲಿ ಲಿರಿಕ್ ಆಯಿತು. ನಾವು ಯೂಟ್ಯೂಬಿನಲ್ಲಿ ನೋಡುವ ಲಿರಿಕಲ್ ವಿಡಿಯೋದ ಮುತ್ತಜ್ಜ ಅದು.

ಮೂರನೇ ದಿನ: ಡೆಲ್ಫಿ

ಅಥೆನ್ಸಿನಲ್ಲಿ ಊರಿಂದೂರಿಗೆ ಹೋಗುವ ಬಸ್ಸಿಗೆ ಎರಡು ನಿಲ್ದಾಣ. ನಾವು ಹೋಗಿದ್ದು ಕಿಫಿಸೋಸ್‌ಗೆ, ಡೆಲ್ಫಿ ಬಸ್ಸು ಹೊರಡುವುದು ಲಿಯೋಸಿಯೋನ್‌ನಿಂದ. ತಪ್ಪು ನನ್ನದೇ. ಟ್ಯಾಕ್ಸಿ ಹಿಡಿದು ಓಡಿ, ಏಳೂವರೆಯ ಬಸ್ಸು ತಪ್ಪಿಸಿಕೊಂಡು, ಮುಂದಿನದಕ್ಕೆ ಕಾಯುತ್ತಾ ಪಾಲಕ್ ತುಂಬಿದ ಸ್ಪನಾಕೋಪಿಟಾ ತಿಂದೆವು. ತಮ್ಮ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಅಪೋಲೋನ ದೊಡ್ಡ ದೇವಸ್ಥಾನವಿದ್ದ ಡೆಲ್ಫಿ ಸುಮಾರು 180 ಕಿಲೋಮೀಟರ್, ಮೂರು ಗಂಟೆ. ಕೊನೆಯ ಭಾಗ ಪಾರ್ನಾಸೋಸ್ ಬೆಟ್ಟದ ಪಕ್ಕೆಯಲ್ಲಿ ತಿರುವು ತಿರುವು. ಚಾರ್ಮಾಡಿ ಘಾಟಿಯ ಹಾಗೆ, ಆದರೆ ಕಾಡಿಲ್ಲ, ಬೋಳು ಬಂಡೆ. ಕೆಳಗೆ ಕಣಿವೆಯಲ್ಲಿ ಮಾತ್ರ ಕಣ್ಣು ಹಾಯುವಷ್ಟು ದೂರ ಆಲಿವ್ ಮರಗಳು.

ಮ್ಯೂಸಿಯಂನಲ್ಲಿ ಎಲ್ಲರೂ ಕಂಚಿನ ಸಾರಥಿಯ ಮುಂದೆ ಮುತ್ತಿಕೊಂಡಿದ್ದರು. ನಾನು ಹುಡುಕುತ್ತಿದ್ದದ್ದು ಒಂದು ಬಟ್ಟಲು. ಗಾಜಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ಇಟ್ಟಿದ್ದಾರೆ. ನಮ್ಮ ಊಟದ ಬಟ್ಟಲಿಗಿಂತ ಸ್ವಲ್ಪ ದೊಡ್ಡದು, 18 ಸೆಂಟಿಮೀಟರ್‌ಗೆ ಚೂರು ಕಡಿಮೆ ಅಗಲ. ಕ್ರಿ.ಪೂ. 480-470ರ ಕಾಲದ್ದು. ಒಳಮೈಗೆ ಬಿಳಿ ಬಣ್ಣ ಬಳಿದು ಅದರ ಮೇಲೆ ಚಿತ್ರ. ಮಡಚುವ ಪೀಠದ ಮೇಲೆ ಅಪೋಲೋ ಕೂತಿದ್ದಾನೆ. ಬಿಳಿ ಅಂಗಿ, ಕೆಂಪು ಹೊದಿಕೆ, ತಲೆಗೆ ಎಲೆಯ ಮಾಲೆ. ಬಲಗೈಯಲ್ಲಿ ತಟ್ಟೆ ಹಿಡಿದು ಕೆಳಗೆ ತರ್ಪಣ ಬಿಡುತ್ತಿದ್ದಾನೆ. ಎಡಗೈಯ ಬೆರಳುಗಳು ತಂತಿಗಳ ಹಿಂದಿನಿಂದ ಇಣುಕುತ್ತಿವೆ. ತಂತಿ ಎಣಿಸಿದೆ. ಏಳು. ಅಮ್ಮನ ವೀಣೆಗೂ ಏಳೇ. ನುಡಿಸಲು ನಾಲ್ಕು, ತಾಳಕ್ಕೆ ಮೂರು.

ಅವನ ಎದುರಿಗೆ ಒಂದು ಕಪ್ಪು ಹಕ್ಕಿ ನಿಂತಿದೆ. ಕಾಗೆಯೋ, ಕಾಡುಕಾಗೆಯೋ. ತರ್ಪಣ ಬಿಡುವಾಗ ಕಾಗೆ ಬಂದು ನಿಲ್ಲುವುದು ನಮಗೆ ಹೊಸ ದೃಶ್ಯವೇನಲ್ಲ. ತಮ್ಮ ಮೊದಲ ಬಾರಿಗೆ ಗಾಜಿಗೆ ಮೂಗು ಒತ್ತಿ ನೋಡಿದ. "ಅಕ್ಕ, ಬುರುಡೆ ನೋಡು. ಆಮೆ."

ಹೌದು, ಆಮೆಯ ಚಿಪ್ಪು. ಬೆನ್ನಿನ ಮೇಲಿನ ಚೌಕಚೌಕದ ಗೆರೆಗಳನ್ನೂ ಬಿಡದೆ ಬರೆದಿದ್ದಾನೆ. ಲೈರ್ ಅಂದರೆ ನಿಜಕ್ಕೂ ಇದು. ಆಮೆಯ ಚಿಪ್ಪು, ಅದರ ಬಾಯಿಗೆ ಬಿಗಿದ ಹಸುವಿನ ಚರ್ಮ, ಎರಡು ತೋಳು, ಕುರಿಯ ಕರುಳಿನ ತಂತಿ. ಮನೆಯಲ್ಲಿ ಮಕ್ಕಳು ಕಲಿಯುತ್ತಿದ್ದ ವಾದ್ಯ ಇದು, ಕಿಥಾರಾದ ಹಾಗೆ ಸಭೆಯದಲ್ಲ.

ಪಕ್ಕದ ಕೋಣೆಯಲ್ಲಿ ಹಾಡುಗಳಿವೆ. ಕಲ್ಲಿನ ಮೇಲೆ. ಕ್ರಿ.ಪೂ. 128ರಲ್ಲಿ ಅಥೆನ್ಸಿನಿಂದ ಕಲಾವಿದರ ದೊಡ್ಡ ತಂಡ ಇಲ್ಲಿಗೆ ಬಂದು ಅಪೋಲೋನ ಮೇಲೆ ಸ್ತೋತ್ರ ಹಾಡಿತ್ತು. ಆ ಸ್ತೋತ್ರಗಳನ್ನು ಸ್ವರದ ಸಮೇತ ಇಲ್ಲೇ ಇದ್ದ ಅಥೆನ್ಸಿನವರ ಖಜಾನೆಯ ಗೋಡೆಗೆ ಕೆತ್ತಿಸಿದರು. ಸಾಹಿತ್ಯದ ಸಾಲಿನ ಮೇಲೆ ಚಿಕ್ಕ ಚಿಕ್ಕ ಅಕ್ಷರ. ಒಂದೊಂದು ಅಕ್ಷರ ಒಂದೊಂದು ಸ್ವರ. ನಮ್ಮ ಸಂಗೀತದ ನೋಟ್‌ಬುಕ್ಕಿನಲ್ಲಿ ಸಾಹಿತ್ಯದ ಮೇಲೆ ಸರಿಗಮ ಬರೆದುಕೊಳ್ಳುತ್ತೇವಲ್ಲ, ಥೇಟ್ ಹಾಗೇ. ಎರಡನೇ ಸ್ತೋತ್ರ ರಚಿಸಿದ ಲಿಮೇನಿಯೋಸ್ ಸ್ವತಃ ಕಿಥಾರಾ ವಾದಕ. 1893ರಲ್ಲಿ ಫ್ರೆಂಚರು ಅಗೆದು ತೆಗೆದರು. ಮರುವರ್ಷವೇ ಪ್ಯಾರಿಸ್ಸಿನಲ್ಲಿ, ಒಲಿಂಪಿಕ್ಸ್ ಮತ್ತೆ ಶುರುಮಾಡೋಣ ಅಂತ ಸೇರಿದ ಸಭೆಯಲ್ಲಿ ಮೊದಲನೆಯದನ್ನು ಹಾಡಿಸಿದರು. ಎರಡು ಸಾವಿರ ವರ್ಷದ ಹಿಂದೆ ಗೋಡೆಗೆ ಕೆತ್ತಿದ್ದ ಹಾಡು.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಆಮೆಯ ವಿಷಯ ಹೇಳಿದೆ. ಹೊಸದೇನೋ ಹೇಳುತ್ತಿದ್ದೇನೆ ಅಂತ ನನ್ನ ಉತ್ಸಾಹ. ಅಮ್ಮ ಆಕಳಿಸಿದಳು. "ಸರಸ್ವತಿಯ ವೀಣೆ ಹೆಸರೇನು ಹೇಳು?"

"ವೀಣೆಗೆ ಹೆಸರೇನಮ್ಮ?"

"ನಾರದರದು ಮಹತಿ. ತುಂಬುರನದು ಕಲಾವತಿ. ಸರಸ್ವತಿಯದು ಕಚ್ಛಪಿ. ಕಚ್ಛಪಿ ಅಂದ್ರೆ ಏನು?"

ಹೆಣ್ಣಾಮೆ. ಬುರುಡೆ ಆಮೆಯ ಬೆನ್ನಿನ ಹಾಗೆ ಇರುತ್ತದೆ ಅಂತ ಆ ಹೆಸರಂತೆ. ಫೋನಿಟ್ಟ ಮೇಲೆ ತಮ್ಮ ಹೇಳಿದ, "ಇಷ್ಟು ದೂರ ಬಂದು ಬೈಸಿಕೊಳ್ಳಬೇಕಿತ್ತಾ?"

ನಾಲ್ಕನೇ ದಿನ: ಬೆಟ್ಟ ಮತ್ತು ಹಡಗು

ಬೆಳಗ್ಗೆ ಎಂಟಕ್ಕೇ ದೇವಸ್ಥಾನದ ಜಾಗಕ್ಕೆ ಹೋದೆವು. ಟೂರ್ ಬಸ್ಸುಗಳು ಬರುವ ಮೊದಲು ನೋಡಿದರೆ ಮಾತ್ರ ಡೆಲ್ಫಿ ಡೆಲ್ಫಿ. ಆರು ಕಂಬ ನಿಂತಿವೆ. ಮೇಲೆ ರಂಗಮಂದಿರ, ಅದರ ಮೇಲೆ ಓಟದ ಮೈದಾನ. ಡೆಲ್ಫಿಯ ಪೈಥಿಯನ್ ಕ್ರೀಡಾಕೂಟ ಶುರುವಾದದ್ದು ಓಟದಿಂದಲ್ಲ. ಮೊದಲಿದ್ದದ್ದು ಒಂದೇ ಸ್ಪರ್ಧೆ, ಕಿಥಾರಾ ನುಡಿಸುತ್ತಾ ಅಪೋಲೋನ ಸ್ತೋತ್ರ ಹಾಡುವುದು. ಓಟ, ಕುಸ್ತಿ ಎಲ್ಲ ಆಮೇಲೆ ಸೇರಿಕೊಂಡವು. ಹೆಸಿಯೋಡ್ ಅನ್ನೋ ದೊಡ್ಡ ಕವಿಯನ್ನೇ ಇಲ್ಲಿ ಸ್ಪರ್ಧೆಗೆ ಸೇರಿಸಿಕೊಳ್ಳಲಿಲ್ಲ ಅಂತ ಒಂದು ಹಳೆಯ ಮಾತಿದೆ. ಕಾರಣ, ಹಾಡಿನ ಜೊತೆ ವಾದ್ಯ ನುಡಿಸಲು ಅವನು ಕಲಿತಿರಲಿಲ್ಲ. ಎರಡನೇ ಬಹುಮಾನ ಬಂದಿದ್ದಕ್ಕೆ ಅಮ್ಮ ಐವತ್ತು ವರ್ಷ ಗೊಣಗಿದ್ದಾಳೆ. ಹೆಸಿಯೋಡನ ಕತೆ ಹೇಳಬೇಕು ಅವಳಿಗೆ.

ಸಂಜೆ ಅಥೆನ್ಸಿಗೆ ಬಂದು, ಪಿರೇಯಸ್ ಬಂದರಿನಿಂದ ಒಂಬತ್ತು ಗಂಟೆಯ ಹಡಗು ಹತ್ತಿದೆವು. ಕ್ರೀಟ್ ದ್ವೀಪಕ್ಕೆ ಇಡೀ ರಾತ್ರಿಯ ಪ್ರಯಾಣ. ಕ್ಯಾಬಿನ್ ದುಡ್ಡು ಉಳಿಸಲು ಡೆಕ್ಕಿನ ಕುರ್ಚಿ ತೆಗೆದುಕೊಂಡಿದ್ದೆವು. ಆ ಉಳಿತಾಯ ಮಾಡಬೇಡಿ.

ನಿದ್ದೆ ಬಾರದೆ ಕಚ್ಛಪಿಯ ವಿಷಯ ಮತ್ತೆ ಎತ್ತಿದೆ. ಗುಪ್ತರ ಸಮುದ್ರಗುಪ್ತ ತಾನೇ ವೀಣೆ ನುಡಿಸುತ್ತಾ ಕೂತಿರುವ ಚಿನ್ನದ ನಾಣ್ಯ ಹೊಡೆಸಿದ್ದ. ಶಾಲೆಯ ಪುಸ್ತಕದಲ್ಲಿ ಎಲ್ಲರೂ ನೋಡಿದ್ದೇವೆ. ಬ್ರಿಟಿಷ್ ನಾಣ್ಯತಜ್ಞರು ಆ ಮಾದರಿಗೆ ಇಟ್ಟ ಹೆಸರು ಲಿರಿಸ್ಟ್, ಲೈರ್ ವಾದಕ! ಅವರಿಗೂ ಸಂಗೀತಕ್ಕೆ ಅಂತ ಇದ್ದದ್ದು ಅದೊಂದೇ ಬ್ಲಾಕು ಅಂತ ಕಾಣುತ್ತದೆ. ಆದರೆ ಆ ನಾಣ್ಯದ ಮೇಲಿರುವುದು ನಮ್ಮ ವೀಣೆಯೂ ಅಲ್ಲ. ಬೆರಳಿಡುವ ಮೆಟ್ಟಿಲಿಲ್ಲ, ಉದ್ದನೆಯ ದಂಡಿಯಿಲ್ಲ. ಬಿಲ್ಲಿನ ಹಾಗೆ ಬಾಗಿದ ಹಾರ್ಪ್. ಆಗ ವೀಣೆ ಅಂದರೆ ಅದೇ. ಸರಸ್ವತಿಯ ಕೈಯಲ್ಲಿ ನಾವು ನೋಡುವ, 24 ಮೆಟ್ಟಿಲಿನ ವೀಣೆ ಈ ರೂಪಕ್ಕೆ ಬಂದದ್ದು ಹದಿನೇಳನೇ ಶತಮಾನದಲ್ಲಿ, ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ಅಂತಾರೆ.

"ಅಂದ್ರೆ ನಮ್ಮ ಮನೆಯಲ್ಲೂ ಬಾಡಿಗೆದಾರರೇ" ಅಂದ ತಮ್ಮ. ಆಮೇಲೆ ಜಾಕೆಟ್ ಮುಖದ ಮೇಲೆ ಎಳೆದುಕೊಂಡು ಮಲಗಿದ.

ಐದನೇ ದಿನ: ಹೆರಾಕ್ಲಿಯೋನ್

ಬೆಳಗ್ಗೆ ಆರಕ್ಕೆ ಇಳಿದೆವು. ಕುತ್ತಿಗೆ ಒಂದೇ ಕಡೆ ತಿರುಗುತ್ತಿತ್ತು.

ಇಲ್ಲಿನ ಮ್ಯೂಸಿಯಂನಲ್ಲಿ ಆಯಿಯಾ ತ್ರಿಯಾದಾ ಅನ್ನೋ ಊರಿನ ಕಲ್ಲಿನ ಶವಪೆಟ್ಟಿಗೆ ಇದೆ. ಸುಣ್ಣದ ಗಾರೆ ಹಚ್ಚಿ, ನಾಲ್ಕೂ ಬದಿಗೆ ಬಣ್ಣದ ಚಿತ್ರ ಬರೆದಿದ್ದಾರೆ. ಸುಮಾರು ಕ್ರಿ.ಪೂ. 1400ರದು. ಬಣ್ಣ ಇನ್ನೂ ಹೋಗಿಲ್ಲ. ಒಬ್ಬಳು ಕೊಡದಲ್ಲಿರುವುದನ್ನು ಸುರಿಯುತ್ತಿದ್ದಾಳೆ. ಇನ್ನೊಬ್ಬಳು ಹೆಗಲ ಮೇಲೆ ಅಡ್ಡೆ ಇಟ್ಟು ಎರಡು ಕೊಡ ಹೊತ್ತು ಬರುತ್ತಿದ್ದಾಳೆ. ಅವಳ ಹಿಂದೆ ಉದ್ದ ನಿಲುವಂಗಿ ತೊಟ್ಟ ಗಂಡಸು. ಅವನ ಕೈಯಲ್ಲಿ ಲೈರ್. ಇಲ್ಲೂ ಏಳು ತಂತಿ. ಡೆಲ್ಫಿಯ ಬಟ್ಟಲಿಗಿಂತ ಒಂಬೈನೂರು ವರ್ಷ ಹಳೆಯದು ಇದು. ಪೆಟ್ಟಿಗೆಯ ಇನ್ನೊಂದು ಬದಿಯಲ್ಲಿ ಹೋರಿಯ ಬಲಿ, ಅಲ್ಲಿ ಜೋಡಿ ಕೊಳಲು. ಒಂದೇ ಸಾವಿಗೆ ಕೊಳಲೂ ಬೇಕಿತ್ತು, ಲೈರೂ ಬೇಕಿತ್ತು. ನಡುವೆ ಚಾಕು ಹಿಡಿದವನು ಯಾರೂ ನಿಂತಿಲ್ಲ. ಅಪೋಲೋನ ಕತೆಗಿಂತ ಇದು ನನಗೆ ಹಿಡಿಸಿತು.

ಸಂಜೆ ಊಟಕ್ಕೆ ಹೋದ ಕಡೆ ಕ್ರೀಟಿನ ಲೀರಾ ನುಡಿಸುತ್ತಿದ್ದರು. ಅಥೆನ್ಸಿನ ಅಂಗಡಿಯ ಹುಡುಗಿ ತೋರಿಸಿದ್ದಳಲ್ಲ, ಅದೇ. ಬೇಡ ಅಂದಿದ್ದೆನಲ್ಲ, ಅದೇ. ಐವತ್ತು ದಾಟಿದ ಒಬ್ಬರು, ಕಪ್ಪು ಅಂಗಿ, ವಾದ್ಯವನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡಿದ್ದರು. ಪಕ್ಕದಲ್ಲಿ ಇನ್ನೊಬ್ಬರು ಲಾವೂತೋ ಅನ್ನೋ ದೊಡ್ಡ ತಂತಿವಾದ್ಯದಲ್ಲಿ ತಾಳ ಹಿಡಿದಿದ್ದರು. ನಾನು ಅವರ ಎಡಗೈಯನ್ನೇ ನೋಡುತ್ತಿದ್ದೆ. ತಂತಿಯನ್ನು ಮೇಲಿನಿಂದ ಒತ್ತುತ್ತಿರಲಿಲ್ಲ, ಪಕ್ಕದಿಂದ ಉಗುರಿನಲ್ಲಿ ತಾಗಿಸುತ್ತಿದ್ದರು. ಸಾರಂಗಿಯವರ ಹಾಗೇ! ದನಿಯೂ ಅಷ್ಟೇ ಕೊರೆಯುತ್ತದೆ. ಎರಡೆರಡು ಸಾಲಿನ ಪದ ಹಾಡುತ್ತಿದ್ದರು, ಮಾಂಟಿನಾದಾ ಅಂತ. ಪ್ರತಿ ಸಾಲಿಗೆ 15 ಅಕ್ಷರ. ಒಬ್ಬ ಒಂದು ಹಾಡಿದರೆ ಮೇಜಿನ ಆ ಕಡೆಯಿಂದ ಇನ್ನೊಬ್ಬ ಎದ್ದು ಉತ್ತರ ಕೊಡುತ್ತಿದ್ದ. ಅರ್ಥ ಆಗದಿದ್ದರೂ ಯಾರು ಯಾರ ಕಾಲೆಳೆದರು ಅಂತ ಗೊತ್ತಾಗುತ್ತಿತ್ತು.

ಒಣ ರಸ್ಕಿನ ಮೇಲೆ ಟೊಮ್ಯಾಟೋ ತುರಿದು ಗಿಣ್ಣು ಹಾಕಿದ ಡಾಕೋಸ್ ತಿಂದೆವು. ಎರಡು ಸಲ. ಹಳೆಯ ಮನೆಯಲ್ಲಿ ಬಾಡಿಗೆಗೆ ಬಂದು ಕೂತವರು ಅಂದಿದ್ದೆ. ಮಾತು ವಾಪಸ್ ತೆಗೆದುಕೊಂಡೆ. ಇವರು ಮನೆಯನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದಾರೆ.

ಆರನೇ ದಿನ

ಕ್ನೋಸೋಸ್ ಅರಮನೆ ನೋಡಿದೆವು. ಜನ ಜಾಸ್ತಿ, ನೆರಳಿಲ್ಲ. ರಾತ್ರಿ ಮತ್ತೆ ಹಡಗು. ಈ ಸಲ ಕ್ಯಾಬಿನ್.

ಏಳನೇ ದಿನ: ಆಮೆ

ಮರುದಿನ ಬೆಳಗ್ಗೆ ವಿಮಾನ. ಲೈರ್ ಕಿವಿಗೆ ಬಿದ್ದಿರಲಿಲ್ಲ. ತಮ್ಮ ಯೂಟ್ಯೂಬ್ ಹಾಕಿ ತೋರಿಸಲು ಬಂದ, ಬೇಡ ಅಂದೆ.

ಕೆರಮೇಯ್ಕೋಸ್ ಅಂತ ಅಥೆನ್ಸಿನ ಹಳೆಯ ಸ್ಮಶಾನವಿದೆ. ಪಟ್ಟಣದ ನಡುವೆಯೇ ಇದೆ, ಆದರೆ ಜನ ಕಡಿಮೆ. ಎರಿದಾನೋಸ್ ಅನ್ನೋ ಪುಟ್ಟ ಹೊಳೆ ಈಗಲೂ ಅಲ್ಲಿ ಹರಿಯುತ್ತದೆ, ಚರಂಡಿಯಷ್ಟು ಅಗಲ. ಸಮಾಧಿ ಕಲ್ಲುಗಳ ನಡುವೆ ಮೊಣಕಾಲೆತ್ತರ ಹುಲ್ಲು. ಹುಲ್ಲಿನಲ್ಲಿ ಸರಬರ ಸದ್ದು. ಹಾವೇನೋ ಅಂತ ಹಿಂದಕ್ಕೆ ಹಾರಿದೆ.

ಆಮೆ. ಎರಡು ಅಂಗೈ ಜೋಡಿಸಿದಷ್ಟು ದೊಡ್ಡದು. ಕಪ್ಪು ಚಿಪ್ಪು, ನಡುನಡುವೆ ಹಳದಿ, ಹಿಂಭಾಗದಲ್ಲಿ ಲಂಗದ ಅಂಚಿನ ಹಾಗೆ ಚಿಪ್ಪು ಹೊರಕ್ಕೆ ಅರಳಿದೆ. ಯಾವುದೋ ಹೂವಿನ ದಂಟನ್ನು ಬಗ್ಗಿಸಿ ಬಗ್ಗಿಸಿ ತಿನ್ನುತ್ತಿತ್ತು. ಬಾಯಿಗೆ ಸಿಕ್ಕದೆ ದಂಟು ಮತ್ತೆ ಮತ್ತೆ ಪುಟಿದು ನಿಲ್ಲುತ್ತಿತ್ತು. ನಮ್ಮನ್ನು ಒಂದು ಸಲ ನೋಡಿ ತನ್ನ ಕೆಲಸ ಮುಂದುವರಿಸಿತು.

ಲೈರ್ ಹುಟ್ಟಿದ ಕತೆ ನೆನಪಾಯಿತು. ಹರ್ಮಿಸ್ ಅನ್ನೋ ಗ್ರೀಕ್ ದೇವರು ಹುಟ್ಟಿದ ದಿನವೇ ತೊಟ್ಟಿಲಿನಿಂದ ಎದ್ದು ಹೊರಗೆ ಬಂದನಂತೆ. ಹೊಸ್ತಿಲಾಚೆ ಹುಲ್ಲು ಮೇಯುತ್ತಿದ್ದ ಆಮೆ ಕಂಡಿತು. "ಬಾ ಬಾ, ಒಳಗೆ ಬಾ, ಹೊರಗೆ ಅಪಾಯ" ಅಂತ ನಗುನಗುತ್ತಾ ಎತ್ತಿಕೊಂಡು ಹೋದ. ಸತ್ತ ಮೇಲೆ ನೀನು ಚೆನ್ನಾಗಿ ಹಾಡುತ್ತೀಯ ಅಂತ ಅದಕ್ಕೆ ಹೇಳಿಯೇ ಕೊಂದ. ಚಿಪ್ಪಿಗೆ ಜೊಂಡು ಚುಚ್ಚಿ, ಚರ್ಮ ಬಿಗಿದು, ಏಳು ತಂತಿ ಕಟ್ಟಿದ. ಅದೇ ಸಂಜೆ ಅಪೋಲೋನ ದನಗಳನ್ನು ಕದ್ದ. ಸಿಕ್ಕಿಬಿದ್ದಾಗ ಲೈರ್ ನುಡಿಸಿ ಅಪೋಲೋನ ಸಿಟ್ಟು ಇಳಿಸಿ, ಅದನ್ನೇ ಕೊಟ್ಟು ರಾಜಿಯಾದ. ಅಂದರೆ ಸಂಗೀತದ ದೇವರ ಕೈಗೆ ಲೈರ್ ಬಂದದ್ದು ದನಗಳ್ಳತನದ ದಂಡವಾಗಿ.

ಹಿಂದಿನ ದಿನ ನನ್ನ ಕಣ್ಣಿಗೆ ಅದು ತಮಾಷೆಯ ಕತೆ. ಆ ದಂಟು ತಿನ್ನುವವಳ ಮುಂದೆ ನಿಂತು ನೆನಪಿಸಿಕೊಂಡಾಗ ಅಷ್ಟು ತಮಾಷೆ ಅನಿಸಲಿಲ್ಲ.

ಅಲ್ಲಿಂದ ನಡೆದುಕೊಂಡು ಪ್ಸಿರಿ ಅನ್ನೋ ಪೇಟೆಗೆ ಬಂದೆವು. ಗಲ್ಲಿಯೊಂದರಲ್ಲಿ ವಾದ್ಯ ಮಾಡುವವರೊಬ್ಬರ ಅಂಗಡಿ. ಬಾಗಿಲಲ್ಲೇ ಮರದ ಹೊಟ್ಟಿನ, ಅಂಟಿನ ವಾಸನೆ. ಮೇಲೆ ಬೂಝೂಕಿ ಅನ್ನೋ ತಂತಿವಾದ್ಯಗಳು ನೇತಾಡುತ್ತಿದ್ದವು. ಮಾಲೀಕರಿಗೆ ಅರವತ್ತರ ಮೇಲೆ ವಯಸ್ಸು, ಕನ್ನಡಕ ಹಣೆಗೆ ಏರಿಸಿದ್ದರು. ಈ ಸಲ ಹುಷಾರಾಗಿ ಕೇಳಿದೆ. "ಲೀರಾ. ಹಳೇದು. ಅಪೋಲೋ!" ಕೈಯಲ್ಲಿ ಎರಡು ಕೊಂಬು ಮಾಡಿ ತೋರಿಸಿದೆ.

ಅವರು ನಕ್ಕು, ಮೂಲೆಯ ಕಪಾಟಿನಿಂದ ಬಟ್ಟೆ ಸುತ್ತಿದ್ದ ಒಂದನ್ನು ತೆಗೆದರು. ಆಮೆಯದಲ್ಲ, ಈಗ ಹಿಡಿಯುವಂತಿಲ್ಲ. ಮರವನ್ನೇ ಚಿಪ್ಪಿನ ಹಾಗೆ ತೋಡಿದ್ದರು. ಅದರ ಬಾಯಿಗೆ ಚರ್ಮ ಬಿಗಿದಿತ್ತು. ತಂತಿ ಬಿಗಿಯುವ ಬಿರಡೆ ಎಲ್ಲಿ ಅಂತ ಹುಡುಕಿದೆ. ಇಲ್ಲ. ನೊಗದ ಕೋಲಿಗೆ ಒಂದೊಂದು ತಂತಿಯ ಜೊತೆಗೂ ಒಂದೊಂದು ಚರ್ಮದ ಪಟ್ಟಿ ಸುತ್ತಿದ್ದಾರೆ. ಆ ಸುತ್ತನ್ನು ಹಿಡಿದು ತಿರುಗಿಸಿದರೆ ತಂತಿ ಬಿಗಿಯುತ್ತದೆ, ಚರ್ಮದ ಹಿಡಿತಕ್ಕೆ ಅಲ್ಲೇ ನಿಲ್ಲುತ್ತದೆ. ಎರಡು ಸಾವಿರ ವರ್ಷದ ಹಿಂದೆಯೂ ಹೀಗೇ, ಎತ್ತಿನ ಕುತ್ತಿಗೆಯ ದಪ್ಪ ಚರ್ಮದಲ್ಲಿ ಮಾಡುತ್ತಿದ್ದರಂತೆ. ಮತ್ತೆ ಎತ್ತೇ ಬಂತು ನೋಡಿ.

ಎಡಗೈಯನ್ನು ತಂತಿಗಳ ಹಿಂದೆ ಇಟ್ಟರು. ಡೆಲ್ಫಿಯ ಬಟ್ಟಲಿನಲ್ಲಿದ್ದ ಹಾಗೇ ಬೆರಳುಗಳು ಇಣುಕಿದವು. ಬಲಗೈಯ ಕಡ್ಡಿಯಿಂದ ಏಳೂ ತಂತಿಯನ್ನು ಒಟ್ಟಿಗೆ ಮೀಟಿದರು. ಹಿಂದಿನ ಬೆರಳುಗಳು ಬೇಡದ ತಂತಿಗಳನ್ನು ಮುಟ್ಟಿ ಸುಮ್ಮನಾಗಿಸುತ್ತವೆ, ಬೇಕಾದವು ಮಾತ್ರ ಉಳಿಯುತ್ತವೆ. ಒಂದು ಕೈ ಎಲ್ಲವನ್ನೂ ಎಬ್ಬಿಸುವುದು, ಇನ್ನೊಂದು ಆರಿಸಿ ಮಲಗಿಸುವುದು.

ದನಿ ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಝೇಂಕಾರ ಕೊಡುವ ಜೀವಾಳದ ದಾರ ತೆಗೆದ ತಂಬೂರಿಯ ಹಾಗೆ, ಮಂದ, ಒಣ, ಹುಟ್ಟಿದ ಕೂಡಲೇ ಅಡಗಿಹೋಗುವುದು. ಹೊರಗೆ ಒಂದು ಸ್ಕೂಟರ್ ಹೋಯಿತು, ಅಷ್ಟರಲ್ಲಿ ಏನೂ ಕೇಳಿಸಲಿಲ್ಲ. ಸ್ಕೂಟರ್ ಹೋದ ಮೇಲೆ ಮತ್ತೆ ಕೇಳಿಸಿತು.

ತಮ್ಮ ಆಗಲೇ ಅಮ್ಮನಿಗೆ ವಿಡಿಯೋ ಕಾಲ್ ಹಚ್ಚಿದ್ದ. ಮೈಸೂರಿನಲ್ಲಿ ಸಂಜೆ ಏಳೂವರೆ, ದೇವರ ದೀಪ ಹಚ್ಚಿ ಬಂದು ಕೂತಿದ್ದಳು.

"ಮೆಟ್ಟಿಲೇ ಇಲ್ವಲ್ಲೋ."

"ಇಲ್ಲಮ್ಮ. ಒಂದು ತಂತಿಗೆ ಒಂದೇ ಸ್ವರ."

"ಗಮಕ?"

"ಇಲ್ಲ."

"ಪಾಪ" ಅಂದಳು. ಮತ್ತೆ ನುಡಿಸಿದರು. ಅಮ್ಮ ತಲೆ ಓರೆ ಮಾಡಿ ಕೇಳಿದಳು. "ಮಂದ್ರದ ಕಡೆಯಿಂದ ಎರಡನೇದು ಇಳಿದಿದೆ. ಏರಿಸೋಕೆ ಹೇಳು."

ತಮ್ಮ ಹೆದರುತ್ತಾ ಇಂಗ್ಲಿಷಿನಲ್ಲಿ ಹೇಳಿದ. ಮಾಲೀಕರಿಗೆ ಬೇಜಾರಾಗಲಿಲ್ಲ, ಖುಷಿಯಾಯಿತು. ಅದು ಇಳಿದಿಲ್ಲ, ಹಾಗೇ ಇಟ್ಟಿದ್ದು ಅಂದರು. ಹಳೆಯ ಗ್ರೀಕರಲ್ಲಿ ಎನ್‌ಹಾರ್ಮೋನಿಕ್ ಅನ್ನೋ ಕ್ರಮವಿತ್ತು. ಪಿಯಾನೋದ ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರವನ್ನೂ ಮತ್ತೆ ಅರ್ಧ ಮಾಡಿ ಅಲ್ಲೊಂದು ಸ್ವರ ಇಡುತ್ತಿದ್ದರು.

"ಶ್ರುತಿ ತಪ್ಪಿದವರೆಲ್ಲ ಹಾಗೇ ಹೇಳೋದು" ಅಂದಳು ಅಮ್ಮ. ಇದನ್ನು ತಮ್ಮ ಅನುವಾದ ಮಾಡಲಿಲ್ಲ. "ಇನ್ನೊಂದ್ಸಲ, ಅದೊಂದೇ ತಂತಿ ಮೀಟೋಕೆ ಹೇಳು."

ಮೀಟಿದರು. ಫೋನ್ ಅಲುಗಾಡಿತು. ನಮ್ಮ ಮನೆಯ ಫ್ಯಾನು ಕಂಡಿತು, ಆಮೇಲೆ ಗೋಡೆ, ಸರ್ಟಿಫಿಕೇಟಿನ ಒಂದು ಮೂಲೆ. ಯಾವುದೋ ಬಾಗಿಲು ಕಿರ್ ಅಂತು. ವೀಣೆ ಸರಸ್ವತಿ ಪೂಜೆಯ ದಿನ ಮಾತ್ರ ಕೆಳಗೆ ಬರುವುದು, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಮೇಲೆ ಹೋಗುವುದು. ಅದರ ಗವಸಿನ ಜಿಪ್ ಎಳೆಯುವ ಸದ್ದು ನನಗೆ ಚೆನ್ನಾಗಿ ಗೊತ್ತು. ಫೋನ್ ನೆಲದ ಮೇಲೆ ಇತ್ತು, ಅಮ್ಮ ಕಾಣುತ್ತಿರಲಿಲ್ಲ. ಒಂದು ತಂತಿ ಮೀಟಿ, ಎಳೆದು ಎಳೆದು ಆ ಸ್ವರವನ್ನು ಹುಡುಕುತ್ತಿದ್ದಳು. ಕೆಳಗೆ ಬಂತು, ಮೇಲೆ ಹೋಯಿತು, ಸ್ವಲ್ಪ ಕೆಳಗೆ ಬಂತು. ಮಾಲೀಕರು ಕನ್ನಡಕ ಕಣ್ಣಿಗೆ ಇಳಿಸಿ ಫೋನಿನ ಹತ್ತಿರ ಬಗ್ಗಿದರು. "ನೇ, ನೇ" ಅಂದರು. ಗ್ರೀಕಿನಲ್ಲಿ ಅದು ಹೌದು.

ಟಣ್ ಅಂತ ಒಂದು ಸದ್ದಾಯಿತು. ಆಮೇಲೆ ಏನೂ ಇಲ್ಲ.

"ಅಮ್ಮ? ಏನಾಯ್ತು?"

"ಸಾರಣಿ ಹೋಯ್ತು. ಎಷ್ಟು ವರ್ಷದ ತಂತಿ, ತುಕ್ಕು ಹಿಡಿದಿತ್ತು." ಮುಖ ಮತ್ತೆ ಪರದೆಗೆ ಬಂತು. "ಮೈಸೂರಿಗೆ ಬರುವಾಗ ಬಳೇಪೇಟೆಯಲ್ಲಿ ಒಂದು ಸೆಟ್ ತಗೊಂಡು ಬಾ. ಮರೀಬೇಡ."